ಎರಡು ನಾಯಿಗಳೊಂದಿಗೆ ಕೆನಡಾದ ರಾಕಿ ಪರ್ವತಗಳ ನಡುವಿನ ಐಸ್‌ಫೀಲ್ಡ್ಸ್ ಪಾರ್ಕ್‌ವೇ ಹೆದ್ದಾರಿಯಲ್ಲಿ ಒಬ್ಬನೇ ಹೋಗುತ್ತಿದ್ದೇನೆ. ಹಿಮನದಿಯ ಮೇಲೆ ಹೋಗಿ ಬರುವಷ್ಟು ಹೊತ್ತು ಅವನ್ನು ಕಾರಿನಲ್ಲಿ ಬಿಡಬಹುದೇ?

ಬಿಡಬೇಡಿ. 2019ರ ಜುಲೈನಲ್ಲಿ ನಾನು ಇದೇ ಪ್ರಶ್ನೆಯನ್ನು ನನಗೆ ಕೇಳಿಕೊಂಡು, ಬಿಡಬಹುದು ಎಂದು ನಾನೇ ತೀರ್ಮಾನಿಸಿದ್ದೆ.

ಕ್ಯಾಲ್ಗರಿಯಿಂದ ಬೆಳಗಿನ ಜಾವ ಹೊರಟಾಗ ಹಿಂದಿನ ಸೀಟಿನಲ್ಲಿ ಇಬ್ಬರಿದ್ದರು: ಮೈಸೂರಿನ ಬೀದಿಯಲ್ಲಿ ಸಿಕ್ಕಿ ನನ್ನ ಜೊತೆಗೇ ಕೆನಡಾಕ್ಕೆ ಬಂದ ಕರಿಯ ಮತ್ತು ಆರು ವರ್ಷದ ಪಗ್ ಪುಟ್ಟಿ. ಬೋ ಸರೋವರದ ದಡದಲ್ಲಿ ಕರಿಯ ನೀರಿಗೆ ಮೂಗು ತಾಗಿಸಿ, ಅದರ ತಣುಪಿಗೆ ಬೆಚ್ಚಿ ನನ್ನ ಕಾಲ ಹಿಂದೆ ಬಂದು ನಿಂತಿದ್ದ. ಅಲ್ಲಿಯವರೆಗೆ ಎಲ್ಲವೂ ಸುಖವಾಗಿಯೇ ಇತ್ತು.

ಅಥಬಾಸ್ಕ ಹಿಮನದಿಯ ಎದುರಿನ ಪಾರ್ಕಿಂಗ್ ತಲುಪಿದಾಗ ಕಾರಿನ ಮಾಪಕ 15 ಡಿಗ್ರಿ ತೋರಿಸುತ್ತಿತ್ತು. ಮೋಡ ಕವಿದಿತ್ತು, ಮಂಜುಗಡ್ಡೆಯ ಮೇಲಿಂದ ಇಳಿದು ಬರುವ ಗಾಳಿಗೆ ನಾನು ಜಾಕೆಟ್ಟಿನ ಜಿಪ್ಪನ್ನು ಕೊರಳವರೆಗೆ ಎಳೆದುಕೊಂಡಿದ್ದೆ. ಹಿಮನದಿಯ ಮೇಲೆ ಹೋಗುವ ಬಸ್ಸಿಗೆ ಸಾಕುನಾಯಿಗಳನ್ನು ಹತ್ತಿಸುವುದಿಲ್ಲ. ಕಿಟಕಿಗಳನ್ನು ಎರಡು ಬೆರಳಷ್ಟು ಇಳಿಸಿ, ಬಟ್ಟಲಿನಲ್ಲಿ ನೀರಿಟ್ಟು, ಇಷ್ಟು ಚಳಿಯಲ್ಲಿ ಏನಾದೀತು ಎಂದುಕೊಂಡು ಹೋದೆ.

ನನ್ನ ತಪ್ಪು ಆ ಎಣಿಕೆಯಲ್ಲಿತ್ತು. ಅದನ್ನು ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ. ನಾನು ಅಳೆದದ್ದು ಕಾರಿನ ಹೊರಗಿನ ಗಾಳಿಯನ್ನು, ನಾಯಿಗಳು ಇದ್ದದ್ದು ಕಾರಿನ ಒಳಗೆ. ಮೋಡ ಸರಿದೊಡನೆ ಬಿಸಿಲು ಗಾಜಿನ ಮೂಲಕ ಒಳಹೊಕ್ಕು ಡ್ಯಾಶ್‌ಬೋರ್ಡನ್ನೂ ಸೀಟುಗಳನ್ನೂ ಕಾಯಿಸುತ್ತದೆ, ಆ ಕಾವು ಹೊರಹೋಗುವುದಿಲ್ಲ, ಹೊರಗಿನ ತಂಗಾಳಿಗೂ ಎರಡು ಬೆರಳ ಸಂದಿಯಲ್ಲಿ ಒಳಬರಲು ದಾರಿಯಿಲ್ಲ. ಹೊರಗೆ 22 ಡಿಗ್ರಿ ಇದ್ದರೂ ನಿಂತ ಕಾರಿನೊಳಗೆ ಒಂದು ಗಂಟೆಯಲ್ಲಿ ಇನ್ನೂ 22 ಡಿಗ್ರಿಯಷ್ಟು ಏರಬಲ್ಲದು, ಅದರಲ್ಲೂ ಹೆಚ್ಚಿನ ಪಾಲು ಮೊದಲ ಅರ್ಧ ಗಂಟೆಯಲ್ಲೇ. ನಾಯಿಗಳು ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ, ಏದುಸಿರು ಬಿಟ್ಟು ತಣ್ಣಗಾಗುತ್ತವೆ. ಮುಚ್ಚಿದ ಕಾರಿನಲ್ಲಿ ಎರಡು ನಾಯಿಗಳು ಏದುತ್ತಿದ್ದರೆ ಒಳಗಿನ ಗಾಳಿಯೇ ತೇವವಾಗಿ ಆ ಏದುಸಿರಿನಿಂದಲೂ ಪ್ರಯೋಜನವಾಗುವುದಿಲ್ಲ. ಪಗ್‌ನಂಥ ಮೊಂಡು ಮೂತಿಯ ನಾಯಿಗೆ ಅದು ಮೊದಲೇ ಕಷ್ಟ. ಇದಿಷ್ಟೂ ನನಗೆ ಬಿಡಿಬಿಡಿಯಾಗಿ ಗೊತ್ತಿತ್ತು, ಆದರೆ ಚಳಿಯಲ್ಲಿ ನಿಂತಾಗ ಒಂದೂ ನೆನಪಾಗಲಿಲ್ಲ.

ಒಂದೂಕಾಲು ಗಂಟೆಯ ನಂತರ ಮರಳಿದಾಗ ಮುಂದಿನ ಗಾಜಿನ ತುಂಬ ಬಿಸಿಲಿತ್ತು. ಬಟ್ಟಲು ಮಗುಚಿತ್ತು. ಕರಿಯ ಸೀಟಿನ ಕೆಳಗಿನ ನೆರಳಿನಲ್ಲಿ ತೂರಿಕೊಂಡಿದ್ದ. ಪುಟ್ಟಿ ಪಕ್ಕಕ್ಕೆ ಬಿದ್ದಿದ್ದಳು. ವಸಡು ಕಡುಗೆಂಪಾಗಿತ್ತು, ಅಂಟಂಟಾದ ಜೊಲ್ಲು ಕೆನ್ನೆಗೆ ಮೆತ್ತಿತ್ತು, ಎತ್ತಿ ನಿಲ್ಲಿಸಿದರೆ ಕಾಲು ನಿಲ್ಲುತ್ತಿರಲಿಲ್ಲ. ಫೋನಿನಲ್ಲಿ ಸಿಗ್ನಲ್ ಇರಲಿಲ್ಲ, ರಸ್ತೆಯ ಉತ್ತರ ತುದಿಯ ಊರಾದ ಜಾಸ್ಪರ್ ಇನ್ನೂ ಸುಮಾರು 100 ಕಿ.ಮೀ. ದೂರವಿತ್ತು. ಕ್ಯಾನಿನ ನೀರನ್ನೆಲ್ಲ ಅವಳ ಮೈಮೇಲೆ ಸುರಿದು, ಎ.ಸಿ. ಹಾಕಿ ಹೊರಟೆ. ಮೊದಲು ನೀರು ಸುರಿದದ್ದರಿಂದಲೇ ಅವಳು ಉಳಿದಳು ಎಂದು ಪಶುವೈದ್ಯರು ಆಮೇಲೆ ಹೇಳಿದರು. ಎರಡು ರಾತ್ರಿ ಡ್ರಿಪ್ ಹಾಕಿದರು. ಮೂತ್ರಪಿಂಡ ಮಾತ್ರ ಮೊದಲಿನಂತಾಗಲಿಲ್ಲ. ಮುಂದೆ ಅವಳು ಬದುಕಿದ ಒಂದೂವರೆ ವರ್ಷವೂ ಪಥ್ಯದಲ್ಲೇ ಕಳೆಯಿತು.

ಆದ್ದರಿಂದ ಎಷ್ಟು ಹೊತ್ತು ಬಿಡಬಹುದು ಎಂಬ ಲೆಕ್ಕವನ್ನೇ ಕೈಬಿಡಿ. ನೀವು ಒಬ್ಬರೇ ಇರುವುದರಿಂದ, ನೀವು ಅತ್ತ ಹೋದರೆ ಇತ್ತ ಅವಕ್ಕೆ ಯಾರೂ ಇರುವುದಿಲ್ಲ. ಹಿಮನದಿಯನ್ನು ಮೆಟ್ಟಿಯೇ ಬರಬೇಕೆಂದಿದ್ದರೆ ನಾಯಿಗಳನ್ನು ಊರಲ್ಲೇ ನಂಬಿಕಸ್ಥರ ಬಳಿ ಬಿಟ್ಟು ಹೋಗಿ. ಅವು ಜೊತೆಗೆ ಬರಲೇಬೇಕೆಂದರೆ ಬಸ್ಸಿನ ಆಸೆ ಬಿಡಿ. ಆ ರಸ್ತೆಯಲ್ಲಿ ಕ್ರೋಫುಟ್ ಹಿಮನದಿ ದಾರಿಬದಿಯಿಂದಲೇ ಕಾಣುತ್ತದೆ, ಅಥಬಾಸ್ಕವಂತೂ ಪಾರ್ಕಿಂಗ್‌ನಿಂದಲೇ ಕಣ್ತುಂಬ ಕಾಣುತ್ತದೆ. ಮರುವರ್ಷ ಕರಿಯನ ಜೊತೆ ಹೋದಾಗ ಕಾರಿನ ಡಿಕ್ಕಿ ತೆರೆದು, ಅಂಚಿನಲ್ಲಿ ಅವನ ಪಕ್ಕ ಕುಳಿತು ಒಂದು ಗಂಟೆ ಅದನ್ನೇ ನೋಡಿದೆ. ನನಗೆ ಯಾವ ಕೊರತೆಯೂ ಅನಿಸಲಿಲ್ಲ.

ರಾಷ್ಟ್ರೀಯ ಉದ್ಯಾನದೊಳಗೆ ಕೊರಳಿನ ಬಾರು ಕಡ್ಡಾಯ, ಅಲ್ಲಿ ಕರಡಿಗಳಿವೆ. ಪೆಟ್ರೋಲನ್ನು ರಸ್ತೆಯ ದಕ್ಷಿಣ ತುದಿಯ ಲೇಕ್ ಲೂಯಿಸ್‌ನಲ್ಲೇ ತುಂಬಿಸಿ, ಏಕೆಂದರೆ ನಡುವೆ ಸಸ್ಕ್ಯಾಚೆವಾನ್ ಕ್ರಾಸಿಂಗ್‌ನಲ್ಲಿ ಬಿಟ್ಟರೆ ಬೇರೆಲ್ಲೂ ಸಿಗುವುದಿಲ್ಲ, ಚಳಿಗಾಲದಲ್ಲಿ ಅದೂ ಮುಚ್ಚಿರುತ್ತದೆ. ಎರಡೂ ತುದಿಯ ಪಶುವೈದ್ಯರ ಫೋನ್ ನಂಬರು, ವಿಳಾಸಗಳನ್ನು ಹೊರಡುವ ಮೊದಲೇ ಕಾಗದದ ಮೇಲೆ ಬರೆದು ಕಾರಿನಲ್ಲಿಡಿ.