ಮನೆಯೂ ಬೇಕು, ಮರವೂ ಉಳಿಯಬೇಕು: ಸ್ಥಳೀಯ ಸಂಸ್ಥೆಯನ್ನು ಏನೆಂದು ಕೇಳಬೇಕು?

ಪ್ರಶ್ನೆ: ನಾವಿರುವ ಕಡೆ ಹಳೆಯ ಮರಗಳಿರುವ ಬಯಲಿನಲ್ಲಿ ಕಡಿಮೆ ಆದಾಯದ ಕುಟುಂಬಗಳಿಗೆ ಮನೆ ಕಟ್ಟಿಸಲು ಸ್ಥಳೀಯ ಸಂಸ್ಥೆ ಮುಂದಾಗಿದೆ. ಕಡಿಯುವ ಮರಗಳ ಬದಲು ಸಸಿ ನೆಡುತ್ತೇವೆ, ಮನೆಗಳು ಇಂಧನ ಉಳಿಸುವಂಥವು ಎಂದು ಹೇಳುತ್ತಿದ್ದಾರೆ. ಮನೆಗಳನ್ನು ವಿರೋಧಿಸಲು ನನಗೆ ಮನಸ್ಸಿಲ್ಲ. ಮರಗಳನ್ನು ಕಳೆದುಕೊಳ್ಳಲೂ ಮನಸ್ಸಿಲ್ಲ. ನಾನು ಏನು ಕೇಳಬೇಕು, ಯಾವಾಗ ಕೇಳಬೇಕು?

ಉತ್ತರ: ವಸತಿ, ಹಸಿರು, ಇಂಧನ ಈ ಮೂರೂ ಕಚೇರಿಯಲ್ಲಿ ಬೇರೆ ಬೇರೆ ಕಡತಗಳಾಗಿ ಓಡಾಡುತ್ತವೆ. ಆದರೆ ಅವುಗಳ ಹಣೆಬರಹ ತೀರ್ಮಾನವಾಗುವುದು ಒಂದೇ ಹಾಳೆಯ ಮೇಲೆ, ಅಂದರೆ ವಿನ್ಯಾಸ ನಕ್ಷೆಯ ಮೇಲೆ. ಮನೆಗಳ ಸಾಲು ಯಾವ ದಿಕ್ಕಿಗೆ ಮುಖ ಮಾಡಬೇಕು, ಎರಡು ಸಾಲುಗಳ ನಡುವೆ ಎಷ್ಟು ಅಂತರ ಇರಬೇಕು, ವಾಹನ ನಿಲುಗಡೆಗೆ ಎಷ್ಟು ನೆಲ ಹೋಗಬೇಕು ಎಂಬುದೆಲ್ಲ ಅಲ್ಲಿ ನಿಗದಿಯಾಗುತ್ತದೆ. ಆ ನಕ್ಷೆಗೆ ಅನುಮೋದನೆ ಸಿಕ್ಕ ಮೇಲೆ ಕೊಡುವ ಮನವಿಯಿಂದ ನಾಲ್ಕು ಸಸಿ ಹೆಚ್ಚು ಸಿಗಬಹುದು, ಅಷ್ಟೇ. ಆದ್ದರಿಂದ ಆಕ್ಷೇಪಣೆ ಆಹ್ವಾನಿಸುವ ಹಂತದಲ್ಲಿಯೇ ನಕ್ಷೆಯ ಪ್ರತಿಯನ್ನು ಕೇಳಿ ಪಡೆಯಿರಿ.

ಮೂರನ್ನೂ ಒಟ್ಟಿಗೆ ಸಾಧಿಸಬಹುದು ಎಂಬುದಕ್ಕೆ ಇಂಗ್ಲೆಂಡಿನ ನಾರ್ವಿಚ್ ನಗರದ ಕೌನ್ಸಿಲ್ ಗೋಲ್ಡ್‌ಸ್ಮಿತ್ ಸ್ಟ್ರೀಟ್‌ನಲ್ಲಿ ಬಾಡಿಗೆದಾರರಿಗಾಗಿ ಕಟ್ಟಿಸಿದ ಸುಮಾರು 100 ಮನೆಗಳು ಸಾಕ್ಷಿಯಾಗಿವೆ. ಸಾಲುಗಳ ನಡುವಿನ ಅಂತರ ಕೇವಲ 14 ಮೀಟರ್. ಆದರೂ ಹಿಂದಿನ ಸಾಲಿನ ಕಿಟಕಿಗಳಿಗೆ ಬಿಸಿಲು ತಪ್ಪದಂತೆ ಛಾವಣಿಯ ಇಳಿಜಾರನ್ನು ಲೆಕ್ಕಹಾಕಿ ತಗ್ಗಿಸಲಾಗಿದೆ. ಹಿತ್ತಿಲುಗಳ ನಡುವೆ ವಾಹನ ಬಾರದ ಓಣಿಯೊಂದನ್ನು ಬಿಟ್ಟು ಮಕ್ಕಳಿಗೆ ಆಡಲು ಸುರಕ್ಷಿತ ಜಾಗ ಒದಗಿಸಲಾಗಿದೆ. ಮನೆಗಳು ಪ್ಯಾಸಿವ್‌ಹೌಸ್ ಎಂಬ ಇಂಧನ ಉಳಿತಾಯದ ಮಾನದಂಡಕ್ಕೆ ಅನುಗುಣವಾಗಿವೆ. ಈ ಮಾನದಂಡದ ಪ್ರಕಾರ ಮನೆ ಬೆಚ್ಚಗಿಡಲು ಚದರ ಮೀಟರಿಗೆ ವರ್ಷಕ್ಕೆ 15 ಕಿಲೋವ್ಯಾಟ್‌ ಗಂಟೆಗಿಂತ ಹೆಚ್ಚು ಶಾಖ ಬೇಕಾಗಬಾರದು. 2019ರಲ್ಲಿ ಈ ಬಡಾವಣೆಗೆ ಬ್ರಿಟನ್ನಿನ ವಾಸ್ತುಶಿಲ್ಪ ಕ್ಷೇತ್ರದ ಸ್ಟರ್ಲಿಂಗ್ ಪ್ರಶಸ್ತಿ ಬಂತು.

ಮರಗಳ ವಿಷಯದಲ್ಲಿ ‘ಒಂದಕ್ಕೆ ಹತ್ತು ಸಸಿ’ ಎಂಬ ಲೆಕ್ಕವನ್ನು ದಯವಿಟ್ಟು ಒಪ್ಪಬೇಡಿ. ಬಲಿತ ಮರದ ನೆರಳು ಸಸಿಯಿಂದ ಸಿಗಲು ದಶಕಗಳೇ ಬೇಕು. ಈಗ ಅಲ್ಲಿ ಆಡುವ ಮಕ್ಕಳು ಅಷ್ಟರಲ್ಲಿ ದೊಡ್ಡವರಾಗಿರುತ್ತಾರೆ. ಪ್ರತಿ ಮರದ ಜಾತಿ, ಕಾಂಡದ ಸುತ್ತಳತೆ, ಕೊಂಬೆಗಳ ಹರವು ಗುರುತಿಸಿದ ಸಮೀಕ್ಷೆಯನ್ನು ಕೇಳಿ. ಉಳಿಸುತ್ತೇವೆ ಎಂದ ಮರಗಳ ಬಗ್ಗೆ ಇನ್ನೂ ಹೆಚ್ಚಿನ ಎಚ್ಚರ ಬೇಕು: ಕೊಂಬೆಗಳ ಕೆಳಗೆ ಜಲ್ಲಿ ರಾಶಿ ಹಾಕಿ ಲಾರಿ ಓಡಿಸಿದರೆ ಮಣ್ಣು ಗಟ್ಟಿಯಾಗಿ ಬೇರಿಗೆ ಗಾಳಿ, ನೀರು ಸಿಗದೆ, ಕಟ್ಟಡ ಮುಗಿದು ಕೆಲವು ವರ್ಷಗಳಾದ ಮೇಲೆ ಮರ ಒಣಗುತ್ತದೆ. ಆಗ ಯಾರೂ ಹೊಣೆ ಹೊರುವುದಿಲ್ಲ. ಕೆಲಸ ಶುರುವಾಗುವ ಮುನ್ನವೇ ಕೊಂಬೆಗಳ ಹರವಿನ ಹೊರಗೆ ಬೇಲಿ ಹಾಕಿಸಬೇಕು. ನಗರ ಅರಣ್ಯ ತಜ್ಞ ಸೆಸಿಲ್ ಕೊನೈನೆಂಡೈಕ್ 2021ರಲ್ಲಿ ಮುಂದಿಟ್ಟ 3-30-300 ಸೂತ್ರವನ್ನೂ ಸಭೆಯಲ್ಲಿ ಪ್ರಸ್ತಾಪಿಸಿ: ಪ್ರತಿ ಮನೆಯಿಂದ 3 ಮರ ಕಾಣಬೇಕು, ನೆರೆಹೊರೆಯ ಶೇ 30ರಷ್ಟು ಭಾಗಕ್ಕೆ ಮರದ ಹೊದಿಕೆ ಇರಬೇಕು, 300 ಮೀಟರ್ ಒಳಗೆ ಉದ್ಯಾನ ಸಿಗಬೇಕು.

ಇಂಧನದ ವಿಷಯದಲ್ಲಿ ಛಾವಣಿಯ ಸೌರಫಲಕಗಳು ಎಲ್ಲರ ಕಣ್ಣಿಗೆ ಬೀಳುತ್ತವೆ. ಗೋಡೆಯೊಳಗಿನ ಕೆಲಸ ಯಾರ ಕಣ್ಣಿಗೂ ಬೀಳುವುದಿಲ್ಲ. ಚಳಿ ಪ್ರದೇಶದಲ್ಲಿ ಬಿರುಕುಗಳ ಮೂಲಕ ಗಾಳಿ ಸೋರಿ ಮನೆಯ ಬಿಸಿ ಪೋಲಾಗುತ್ತದೆಯೇ ಎಂದು ಪರೀಕ್ಷಿಸುವ ಸರಳ ವಿಧಾನವಿದೆ. ಬಾಗಿಲಿನ ಚೌಕಟ್ಟಿಗೆ ಫ್ಯಾನ್ ಜೋಡಿಸಿ, ಒಳಗಿನ ಗಾಳಿಯ ಒತ್ತಡವನ್ನು ಹೊರಗಿನದಕ್ಕಿಂತ 50 ಪಾಸ್ಕಲ್ ತಗ್ಗಿಸುತ್ತಾರೆ. ಆಗ ಕಿಟಕಿಯ ಅಂಚಿನಲ್ಲಿ ಹೊಗೆಯ ಕಡ್ಡಿ ಹಿಡಿದರೆ, ಬಿರುಕಿರುವಲ್ಲಿ ಹೊಗೆಯ ಎಳೆ ಥಟ್ಟನೆ ಬಾಗಿ ಒಳಗೆ ನುಗ್ಗುತ್ತದೆ. ಬಿಸಿಲಿನ ಪ್ರದೇಶದಲ್ಲಾದರೆ ಕಿಟಕಿಗಳಿಗೆ ನೆರಳು, ಎದುರುಬದುರು ಗಾಳಿಯಾಡುವ ವ್ಯವಸ್ಥೆ, ಛಾವಣಿಯ ಶಾಖ ತಡೆಯುವ ಪದರ ಮುಖ್ಯ. ಅಲ್ಲಿ ಪಶ್ಚಿಮದ ಗೋಡೆಗೆ ನೆರಳು ಕೊಡುವ ಹಳೆಯ ಮರವೇ ಇಂಧನ ಉಳಿತಾಯದ ಸಾಧನ. ಈ ಒಂದು ಮಾತನ್ನು ಸಭೆಯಲ್ಲಿ ಒತ್ತಿ ಹೇಳಿ.

ಸ್ಥಳೀಯ ಸಂಸ್ಥೆಗಳಿಗೆ ಇಂಥ ನಿಯಮ ಮಾಡುವ ಶಕ್ತಿ ಇಲ್ಲ ಎಂದು ಯಾರಾದರೂ ಹೇಳಿದರೆ, ಬಾರ್ಸಿಲೋನಾ ನಗರಾಡಳಿತ 1999ರಲ್ಲಿಯೇ ಹೊಸ ಕಟ್ಟಡಗಳಿಗೆ ಸೌರ ನೀರು ಕಾಯಿಸುವ ವ್ಯವಸ್ಥೆಯನ್ನು ಕಡ್ಡಾಯಗೊಳಿಸುವ ನಿಯಮಕ್ಕೆ ಒಪ್ಪಿಗೆ ನೀಡಿದ್ದನ್ನು ನೆನಪಿಸಿ.

ಕೊನೆಯದಾಗಿ, ಸಭೆಯಲ್ಲಿ ಬಾಯಿಮಾತಿನಲ್ಲಿ ಕೊಟ್ಟ ಭರವಸೆ ನಡಾವಳಿಯಲ್ಲಿ ದಾಖಲಾಗಿದೆಯೇ ಎಂದು ನೋಡಿ. ಮರದ ಬೇಲಿ ಮತ್ತು ಮನೆಗಳ ಪರೀಕ್ಷೆಯ ಷರತ್ತುಗಳು ಟೆಂಡರ್ ದಾಖಲೆಯಲ್ಲಿಯೂ ಇರಬೇಕು. ಅವು ಪೂರೈಸುವವರೆಗೆ ಗುತ್ತಿಗೆದಾರರಿಗೆ ಅಂತಿಮ ಬಿಲ್ ಪಾವತಿಯಾಗಬಾರದು ಎಂದು ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆದುಕೊಳ್ಳಿ.