ಚರಿತ್ರೆ ಅಂದ್ರೆ ಆಕಳಿಸುವ ಮಗಳಿಗೆ ಟಿವಿಯಲ್ಲಿ ಏನು ತೋರಿಸೋದು?

ಒಂಬತ್ತನೇ ಕ್ಲಾಸಿನ ಮಗಳಿಗೆ ಚರಿತ್ರೆ ಅಂದ್ರೆ ಬೋರು, ಮಜವಾಗಿ ಹೇಳುವ ಟಿವಿ ಕಾರ್ಯಕ್ರಮ ಯಾವುದಿದೆ ಅಂತ ಕೇಳಿದ್ದೀರಿ. ನನ್ನ ಓಟು ಬ್ರಿಟನ್ನಿನ 'ಟೈಮ್ ಟೀಮ್'ಗೆ. ಚಾನೆಲ್ 4ರಲ್ಲಿ 1994ರಿಂದ ಇಪ್ಪತ್ತು ವರ್ಷ ಬಂತು, ಹಳೇ ಕಂತುಗಳು ಈಗ ಯೂಟ್ಯೂಬಿನಲ್ಲಿವೆ. ಕಿರೀಟ ಇಲ್ಲ, ಕತ್ತಿ ಕಾಳಗ ಇಲ್ಲ. ಯಾವುದೋ ಹೊಲಕ್ಕೋ ಯಾರದೋ ಮನೆ ಹಿತ್ತಲಿಗೋ ಪುರಾತತ್ವದವರ ತಂಡ ಬರುತ್ತೆ, ಇರೋದು ಮೂರೇ ದಿನ, ಅಷ್ಟರಲ್ಲಿ ಅಲ್ಲಿ ಹಿಂದೆ ಏನಿತ್ತು ಅಂತ ಅಗೆದು ಹೇಳಬೇಕು. ಯಂತ್ರ ಹಿಡಿದು ನಡೆದವರು ನೆಲದಡಿ ಗೋಡೆ ಇದೆ ಅಂತಾರೆ, ಅಗೆದವರಿಗೆ ಬರೀ ಮಣ್ಣು ಸಿಗುತ್ತೆ, ಅಲ್ಲಿಂದ ಶುರು ಜಗಳ. ಪಟ್ಟೆಪಟ್ಟೆ ಸ್ವೆಟರಿನ ಪ್ರೊಫೆಸರ್ ಮಿಕ್ ಆಸ್ಟನ್ ಒಂದು ಹೇಳಿದರೆ ಗುಂಡಿಯೊಳಗೆ ಕೂತವರು ಇನ್ನೊಂದು ಹೇಳ್ತಾರೆ. ನಿರೂಪಕ ಟೋನಿ ರಾಬಿನ್‌ಸನ್ ನಟ. ನಾವು ಸೋಫಾ ಮೇಲೆ ಕೂತು ಕೇಳುವಂಥ ಪ್ರಶ್ನೆಯನ್ನೇ ಅವರು ಅಲ್ಲಿ ಕೇಳ್ತಾರೆ. ಅಂಗೈಯಗಲದ ಮಡಕೆ ಚೂರು ಸಿಕ್ಕಿ ಎಲ್ಲರ ಲೆಕ್ಕಾಚಾರ ಬುಡಮೇಲಾಗೋದನ್ನು ನೋಡಿದ ಮಕ್ಕಳು 'ಇವರಿಗೆ ಇದು ಹೇಗೆ ಗೊತ್ತಾಯ್ತು?' ಅಂತ ಕೇಳೋಕೆ ಕಲೀತಾರೆ. ಪಠ್ಯಪುಸ್ತಕ ಉತ್ತರ ಮಾತ್ರ ಕೊಡುತ್ತೆ, ಬೋರಾಗದೆ ಇನ್ನೇನು?

ನಗು ಬೇಕಾದರೆ ಬಿಬಿಸಿಯ 'ಹಾರಿಬಲ್ ಹಿಸ್ಟರೀಸ್', 2009ರದ್ದು. ಎರಡನೇ ಚಾರ್ಲ್ಸ್ ರಾಜ ಅದರಲ್ಲಿ ರ‍್ಯಾಪ್ ಹಾಡ್ತಾನೆ! ನಡುನಡುವೆ ಒಂದು ಇಲಿ ಬೊಂಬೆ ತಲೆ ಹಾಕಿ, ಈಗ ನೋಡಿದ್ದರಲ್ಲಿ ನಿಜ ಯಾವುದು ಅಂತ ಹೇಳಿ ಹೋಗುತ್ತೆ. ನಮ್ಮ ಸೀರಿಯಲ್‌ಗಳಿಗೂ ಅಂಥದ್ದೊಂದು ಇಲಿ ಬೇಕಿತ್ತು.

ಹಿಂದಿ ಬರುತ್ತೆ ಅಂದ್ರೆ 'ಭಾರತ್ ಏಕ್ ಖೋಜ್'. ಶ್ಯಾಮ್ ಬೆನೆಗಲ್ 1988ರಲ್ಲಿ ದೂರದರ್ಶನಕ್ಕೆ ಮಾಡಿದ 53 ಕಂತು. ನೆಹರೂ ಪಾತ್ರದಲ್ಲಿ ರೋಶನ್ ಸೇಠ್. ಅಶೋಕನೂ ಓಂ ಪುರಿ, ಔರಂಗಜೇಬನೂ ಓಂ ಪುರಿ. ಈಗಿನ ಮಕ್ಕಳಿಗೆ ನಿಧಾನ ಅನಿಸಬಹುದು, ವಿಜಯನಗರದ ಕಂತುಗಳಿಂದ ಶುರು ಮಾಡಿಸಿ.

ರಾಜರ ವೇಷದ ಸೀರಿಯಲ್‌ಗಳನ್ನು ಬೇಡ ಅನ್ನಲ್ಲ, ಆದರೆ ಪಕ್ಕದಲ್ಲಿ ತಕರಾರು ಮಾಡುವವರು ಒಬ್ಬರು ಕೂತಿರಬೇಕು. ನಾನು ಕೊಡಗಿನವನು. 'ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್' ಬರುವಾಗ ತೋಟದ ಸಿಲ್ವರ್ ಮರಕ್ಕೆ ಆಂಟೆನಾ ಕಟ್ಟಿ ನೋಡ್ತಿದ್ವಿ. ಅದು ಕಾದಂಬರಿ ಆಧರಿಸಿದ ಕಲ್ಪನೆ ಅಂತ ಪರದೆ ಮೇಲೆ ಬರೆದೇ ತೋರಿಸ್ತಿದ್ದರು, ಅದನ್ನು ಓದುವವರು ಯಾರು? ಅಜ್ಜನಿಗೆ ಟಿಪ್ಪು ಅಂದ್ರೆ ಅವನ ಸೈನ್ಯ ಕೊಡವರನ್ನು ಕೊಂದಿತು ಅಂತ ಹೇಳುವ ಜಾಗ ದೇವಟ್ಟಿಪರಂಬು, ಸೆರೆ ಸಿಕ್ಕಿ ಶ್ರೀರಂಗಪಟ್ಟಣಕ್ಕೆ ಹೋದ ಕೊಡವರು. ಟಿವಿಯಲ್ಲಿ ಅದೇ ಟಿಪ್ಪು ಹೀರೋ. ಅಜ್ಜ ಬೈಕೊಂಡೇ ನೋಡ್ತಿದ್ದರು, ಒಂದು ಕಂತೂ ಬಿಡಲಿಲ್ಲ. ಸೆರೆ ಹೋದವರು ಎಷ್ಟು ಜನ ಅನ್ನೋ ವಾದ ಇವತ್ತಿಗೂ ಮುಗಿದಿಲ್ಲ. ಸೀರಿಯಲ್ ಮುಗಿದ ಮೇಲೆ ಅಪ್ಪ ಒಂದು ಹೇಳಿ, ಅಜ್ಜ ಇನ್ನೊಂದು ಹೇಳಿ ನಡೀತಿತ್ತಲ್ಲ, ನಾನು ಚರಿತ್ರೆ ಪುಸ್ತಕ ಹುಡುಕಿಕೊಂಡು ಹೋಗಿದ್ದು ಅದರಿಂದ.

ಈ ಕಡೆ ಪ್ರವಾಸ ಬಂದರೆ ರಾಜಾಸೀಟಿನ ಫೋಟೊ ಒಂದೆರಡು ಕಮ್ಮಿ ಮಾಡಿ ಮಡಿಕೇರಿ ಕೋಟೆಗೆ ಕರ್ಕೊಂಡು ಹೋಗಿ. ಕೊಡಗಿನ ಅರಸ ಮುದ್ದುರಾಜ ಕಟ್ಟಿಸಿದ ಮಣ್ಣಿನ ಕೋಟೆಯನ್ನು ಟಿಪ್ಪು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಅಂತ ಹೆಸರಿಟ್ಟ. ಆಮೇಲೆ ಕೊಡಗು ಆಳಿದ ಹಾಲೇರಿ ಮನೆತನದ ಅರಸರ ಅರಮನೆ ಬಂತು. 1834ರಲ್ಲಿ ಆ ಮನೆತನದ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದ ಇಳಿಸಿದ ಬ್ರಿಟಿಷರು ಚರ್ಚ್ ಕಟ್ಟಿದರು, ಈಗ ಅದು ಮ್ಯೂಸಿಯಂ. ಆವರಣದಲ್ಲಿ ಎರಡು ಗಾರೆ ಆನೆಗಳಿವೆ. ಬೆಳಗ್ಗೆ ಸಲಾಮು ಹಾಕೋಕೆ ತಡವಾಯ್ತು ಅಂತ ರಾಜ ಸಿಟ್ಟಿನಲ್ಲಿ ಆನೆಗಳನ್ನು ಕೊಂದ, ಆಮೇಲೆ ಮರುಗಿ ಇವನ್ನು ನಿಲ್ಲಿಸಿದ ಅಂತ ಕತೆ ಇದೆ. ಇದು ನಿಜ ಅನ್ನೋಕೆ ಏನೇನು ಸಿಗಬೇಕು ಅಂತ ಮಗಳನ್ನೇ ಕೇಳಿ.

ಇವತ್ತು ಸಂಜೆಗೇ ಶುರು ಮಾಡೋದಾದರೆ ಮೊದಲು ಇಲಿ, ಆಮೇಲೆ ಟೈಮ್ ಟೀಮ್. ಅವರ ಇಂಗ್ಲಿಷ್ ಉಚ್ಚಾರ ನಮಗೆ ಸ್ವಲ್ಪ ಕಷ್ಟ, ಸಬ್‌ಟೈಟಲ್ ಹಾಕ್ಕೊಳ್ಳಿ.