ಬ್ಯಾಂಕ್ ತಾನಾಗಿ ಬಡ್ಡಿ ಇಳಿಸುತ್ತದೆ ಎಂದು ಕಾಯಬೇಡಿ, ಸರ್

ದಾವಣಗೆರೆಯ ಸರ್, ಈ ಗುಂಪಿನಲ್ಲಿ ನೀವು ಕೇಳಿದ ಪ್ರಶ್ನೆಯನ್ನೂ ಅದಕ್ಕೆ ಬಂದ ಉತ್ತರಗಳನ್ನೂ ಓದಿದೆ. "ರೆಪೊ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ದರ) ಇಷ್ಟು ಇಳಿದರೂ ನನ್ನ ಗೃಹಸಾಲದ ಬಡ್ಡಿ ಶೇ 9.4ರಲ್ಲೇ ನಿಂತಿದೆ. ಹನ್ನೆರಡು ವರ್ಷದ ಹಳೆಯ ಗ್ರಾಹಕ ನಾನು, ಇವತ್ತಲ್ಲ ನಾಳೆ ಬ್ಯಾಂಕಿನವರೇ ಇಳಿಸುತ್ತಾರೆ" ಎಂದು ಬರೆದಿದ್ದೀರಿ. ಓದಿದ ಮೇಲೆ ಸುಮ್ಮನಿರಲು ಮನಸ್ಸಾಗಲಿಲ್ಲ. ಇದೇ ಮಾತನ್ನು ನನಗೆ ನಾನೇ ಹೇಳಿಕೊಂಡು ವರ್ಷಗಟ್ಟಲೆ ಕುಳಿತಿದ್ದವಳು ನಾನು.

ನೀವು ಹಾಕಿರುವ ಸ್ಟೇಟ್‌ಮೆಂಟಿನ ಫೋಟೊವನ್ನು ದೊಡ್ಡದು ಮಾಡಿ ನೋಡಿ. ಬಡ್ಡಿ ದರದ ಪಕ್ಕದಲ್ಲಿ ಎಂಸಿಎಲ್‌ಆರ್ ಎಂದಿದೆ, ಎಂದರೆ ಬ್ಯಾಂಕ್ ತನ್ನ ಖರ್ಚು ನೋಡಿ ತಾನೇ ನಿಗದಿಪಡಿಸುವ ದರ. ನಿಮ್ಮ ಸಾಲ ರೆಪೊಗೆ ಜೋಡಣೆಯಾಗಿಯೇ ಇಲ್ಲ. 2025ರ ಫೆಬ್ರುವರಿಯಿಂದ ಡಿಸೆಂಬರ್ ನಡುವೆ ರೆಪೊ 6.50ರಿಂದ 5.25ಕ್ಕೆ ಇಳಿದದ್ದು ರೆಪೊ ಸಾಲದವರಿಗೆ ಮೂರು ತಿಂಗಳೊಳಗೆ ತಲುಪಲೇಬೇಕು. ಎಂಸಿಎಲ್‌ಆರ್ ಆ ಬ್ಯಾಂಕಿಗೆ ಠೇವಣಿ ಎಷ್ಟಕ್ಕೆ ಸಿಗುತ್ತದೆ ಎಂಬುದರ ಮೇಲೆ ನಿಂತಿರುತ್ತದೆ, ಹಾಗಾಗಿ ನಿಧಾನವಾಗಿ ಇಳಿಯುತ್ತದೆ. ಇಳಿದರೂ ನಿಮ್ಮ ಖಾತೆಗೆ ಬರುವುದು ನಿಮ್ಮ ರೀಸೆಟ್ ದಿನಾಂಕದಂದು (ದರ ಮರುನಿಗದಿಯಾಗುವ ದಿನ), ಸಾಮಾನ್ಯವಾಗಿ ವರ್ಷಕ್ಕೊಮ್ಮೆ. 2019ರ ಅಕ್ಟೋಬರ್ 1ರ ನಂತರ ಬ್ಯಾಂಕುಗಳು ಕೊಟ್ಟ ಫ್ಲೋಟಿಂಗ್ (ದರ ಏರಿಳಿಯುವ) ಗೃಹಸಾಲಗಳೆಲ್ಲ ಹೊರಗಿನ ಮಾನದಂಡಕ್ಕೆ, ಹೆಚ್ಚಾಗಿ ರೆಪೊಗೇ, ಜೋಡಣೆಯಾಗಿವೆ. ಅದಕ್ಕೂ ಹಿಂದೆ ಸಾಲ ಪಡೆದ ನಾವು, ನಾವಾಗಿ ಕೇಳಿದರೆ ಮಾತ್ರ ಬ್ಯಾಂಕು ಬದಲಾಯಿಸಿಕೊಡುತ್ತದೆ. ಬ್ಯಾಂಕಿನವರು ಮನೆಗೆ ಬಂದು ಕರೆಯುವುದಿಲ್ಲ.

ನನ್ನ ಕಥೆ ಹೇಳುತ್ತೇನೆ. 2012ರಲ್ಲಿ ಹಾಸನದಲ್ಲಿ ಮನೆ ಕಟ್ಟಲು 14 ಲಕ್ಷ ತೆಗೆದುಕೊಂಡೆವು, ಇಪ್ಪತ್ತು ವರ್ಷಕ್ಕೆ, ಶೇ 10.5. ಆಗಿನದು ಬೇಸ್ ರೇಟ್, ಎಂಸಿಎಲ್‌ಆರ್‌ಗೂ ಹಿಂದಿನ ಪದ್ಧತಿ. ಕಂತು 13,977 ರೂಪಾಯಿ. ಸಂಬಳದ ಖಾತೆಯಿಂದ ತಾನಾಗಿ ಕತ್ತರಿಸಿಕೊಳ್ಳುತ್ತಿದ್ದರು. ಸಾಲದ ಕಾಗದಗಳನ್ನೆಲ್ಲ ಅರಿಶಿನ ಕುಂಕುಮ ಹಚ್ಚಿದ ಒಂದು ಫೈಲಿನಲ್ಲಿಟ್ಟು ಬೀರುವಿನ ಲಾಕರಿಗೆ ಹಾಕಿದೆ. ಒಂಬತ್ತು ವರ್ಷ ಆ ಫೈಲು ತೆಗೆದು ನೋಡಲಿಲ್ಲ. ಕಂತು ತಪ್ಪುತ್ತಿಲ್ಲ, ಇನ್ನೇನು ಎಂಬ ಭಾವನೆ.

2021ರಲ್ಲಿ ನನ್ನ ತಮ್ಮ ಅದೇ ಬ್ಯಾಂಕಿನಲ್ಲಿ, ಅದೇ ಶಾಖೆಯಲ್ಲಿ ಶೇ 6.9ಕ್ಕೆ ಸಾಲ ಪಡೆದ. ಗೃಹಪ್ರವೇಶದ ದಿನ ಊಟದ ಪಂಕ್ತಿಯಲ್ಲಿ "ಅಕ್ಕಾ, ನಿನ್ನದು ಎಷ್ಟು?" ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ಮಕ್ಕಳಿಗೆ ಚಕ್ರಬಡ್ಡಿ ಲೆಕ್ಕ ಹೇಳಿಕೊಡುವ ಗಣಿತದ ಶಿಕ್ಷಕಿಗೆ ತನ್ನ ಸಾಲದ ಬಡ್ಡಿ ದರ ಗೊತ್ತಿಲ್ಲ! ಮಾರನೆಯ ದಿನ ಹೋಗಿ ಕೇಳಿದರೆ 9.65. ಬಾಕಿ ಹತ್ತು ಲಕ್ಷದ ಹತ್ತಿರ. ಇಬ್ಬರ ನಡುವಿನ ವ್ಯತ್ಯಾಸ ಶೇ 2.75, ಎಂದರೆ ವರ್ಷಕ್ಕೆ 27,500. ಪ್ರತಿ ವರ್ಷ ಎರಡು ಕಂತಿನಷ್ಟು ಹಣ ಸುಮ್ಮನೆ ಹೋಗುತ್ತಿತ್ತು. "ಮೊದಲೇ ಯಾಕೆ ಹೇಳಲಿಲ್ಲ?" ಎಂದು ಕೇಳಿದ್ದಕ್ಕೆ ಅಧಿಕಾರಿ ಕಂಪ್ಯೂಟರ್ ಪರದೆಯನ್ನು ನನ್ನ ಕಡೆ ತಿರುಗಿಸಿ, "ನೀವು ಅರ್ಜಿ ಕೊಟ್ಟಿಲ್ಲವಲ್ಲ ಮೇಡಂ" ಎಂದರು. ಒಂದು ಹಾಳೆಯ ಅರ್ಜಿ, ಎರಡು ಸಹಿ, ಬದಲಾವಣೆ ಶುಲ್ಕ ಮತ್ತು ಅದರ ಮೇಲೆ ಜಿಎಸ್‌ಟಿ. ಕಾಲು ಗಂಟೆಯ ಕೆಲಸ. ಹೊರಗೆ ಬಂದು ಸ್ಕೂಟರ್ ಪಕ್ಕದಲ್ಲಿ ತುಂಬಾ ಹೊತ್ತು ನಿಂತಿದ್ದೆ. ಕಾಲು ಗಂಟೆಯ ಆ ಕೆಲಸವನ್ನು ವರ್ಷಗಳ ಹಿಂದೆಯೇ ಮಾಡಬಹುದಿತ್ತು.

ಈಗ ನಿಮ್ಮ ಲೆಕ್ಕ. ಬಾಕಿ 18 ಲಕ್ಷ, ಉಳಿದಿರುವುದು 144 ಕಂತು, ಶೇ 9.4ಕ್ಕೆ ಕಂತು ಸುಮಾರು 20,892. ನಿಮ್ಮ ಸಿಬಿಲ್ ಅಂಕ (ಸಾಲ ತೀರಿಸಿದ ದಾಖಲೆ ನೋಡಿ ಕೊಡುವ ಅಂಕ) ಚೆನ್ನಾಗಿದೆ ಎಂದಿದ್ದೀರಿ. ರೆಪೊಗೆ ಬದಲಾಯಿಸಿಕೊಂಡು 7.9 ಸಿಕ್ಕಿತು ಎಂದಿಟ್ಟುಕೊಳ್ಳಿ. ಕಂತಿನ ಮೊತ್ತ ಬದಲಿಸದೆ ಹಾಗೇ ಕಟ್ಟುತ್ತ ಹೋದರೆ 128 ತಿಂಗಳಿಗೆ ಸಾಲ ಮುಗಿಯುತ್ತದೆ. ಹದಿನಾರು ಕಂತು ಕಡಿಮೆ, ಎಂದರೆ ಮೂರು ಲಕ್ಷದ ಮೂವತ್ತು ಸಾವಿರಕ್ಕೂ ಹೆಚ್ಚು. ಅದೇ ಅವಧಿ ಉಳಿಸಿಕೊಂಡು ಕಂತು ಇಳಿಸಿಕೊಂಡರೆ ತಿಂಗಳಿಗೆ ಸಾವಿರದ ಐನೂರು ಉಳಿಯುತ್ತದೆ, ಹನ್ನೆರಡು ವರ್ಷಕ್ಕೆ ಎಲ್ಲ ಸೇರಿ 2.17 ಲಕ್ಷ. ಮೇಲೆ ಒಬ್ಬರು "ಕಂತು ಇಳಿಸಿಕೊಂಡು ಉಳಿದದ್ದನ್ನು ಎಸ್‌ಐಪಿಗೆ (ಮ್ಯೂಚುವಲ್ ಫಂಡಿನ ತಿಂಗಳ ಕಂತಿಗೆ) ಹಾಕಿ" ಎಂದು ಸಲಹೆ ಕೊಟ್ಟಿದ್ದಾರೆ. ಆ ಸಾವಿರದ ಐನೂರನ್ನು 144 ತಿಂಗಳೂ ಬಿಡದೆ ಹಾಕುವ ಶಿಸ್ತು ಇದ್ದವರಿಗೆ ಅದು ಸರಿ. ನಮ್ಮ ಶಿಕ್ಷಕರ ಕೊಠಡಿಯಲ್ಲಿ ಹಾಗೆ ಹೇಳಿದವರು ನಾಲ್ವರಿದ್ದರು. ಎರಡನೆಯ ವರ್ಷಕ್ಕೆ ಎಸ್‌ಐಪಿ ಉಳಿಸಿಕೊಂಡವರು ಒಬ್ಬರು. ಮಕ್ಕಳ ಶುಲ್ಕಕ್ಕೆ ಈಗ ನಿಜವಾಗಿಯೂ ಬಿಗಿಯಾಗಿದ್ದರೆ ಕಂತು ಇಳಿಸಿಕೊಳ್ಳಿ, ಅದರಲ್ಲಿ ತಪ್ಪಿಲ್ಲ. ಕಾರಿನ ಕಂತಿಗಾಗಿ ಮಾತ್ರ ಇಳಿಸಿಕೊಳ್ಳಬೇಡಿ.

ಒಂದು ಎಚ್ಚರಿಕೆ. ರೆಪೊ ಇಳಿಯುವಷ್ಟೇ ಬೇಗ ಏರುತ್ತದೆ. ನಾನು ಬದಲಾಯಿಸಿಕೊಂಡಾಗ ರೆಪೊ 4 ಇತ್ತು. 2022ರ ಮೇ ತಿಂಗಳಿಂದ ಏರಲು ಶುರುವಾಗಿ 2023ರ ಫೆಬ್ರುವರಿಗೆ 6.50 ಮುಟ್ಟಿತು. ನನ್ನ ದರ 6.9ರಿಂದ 9.4ಕ್ಕೆ ಹೋಯಿತು. ಕಂತು ಒಂದು ರೂಪಾಯಿಯೂ ಹೆಚ್ಚಾಗಲಿಲ್ಲ. ಅವಧಿಯನ್ನು ಸದ್ದಿಲ್ಲದೆ ಎಳೆದಿದ್ದರು.

ನನಗೆ ಅದು ಗೊತ್ತಾದದ್ದು ನನ್ನ ನೋಟ್‌ಬುಕ್‌ನಿಂದ. ಈ ಗುಂಪಿನಲ್ಲಿ ಇದನ್ನು ಹಿಂದೆಯೂ ಹೇಳಿದ್ದೇನೆ, ಮತ್ತೆ ಹೇಳುತ್ತೇನೆ. ನೂರು ಪುಟದ ಒಂದು ಬರೆಯುವ ಪುಸ್ತಕ ಸಾಕು. ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಮೊದಲ ವಾರ ಒಂದೊಂದು ಸಾಲು: ದಿನಾಂಕ, ಅಸಲು ಬಾಕಿ, ಬಡ್ಡಿ ದರ, ಉಳಿದ ಕಂತುಗಳ ಸಂಖ್ಯೆ. ಕೊನೆಯ ಅಂಕಣವೇ ಮುಖ್ಯ. ಮೂರು ತಿಂಗಳಲ್ಲಿ ಅದು ಮೂರು ಕಡಿಮೆಯಾಗಬೇಕು. ಆಗದಿದ್ದರೆ ಅದೇ ವಾರ ಶಾಖೆಗೆ ಹೋಗಿ. ಬದಲಾಯಿಸಿಕೊಂಡಾಗಿನಿಂದ ಒಂದೊಂದಾಗಿ ಕಳೆಯುತ್ತ ಬಂದರೆ 2023ರ ಆರಂಭದಲ್ಲಿ ನನ್ನ ಪುಸ್ತಕದ ಪ್ರಕಾರ 73 ಕಂತು ಉಳಿದಿರಬೇಕಿತ್ತು. ಬ್ಯಾಂಕಿನ ಹಾಳೆಯಲ್ಲಿ 81 ಇತ್ತು. ತುಟ್ಟಿಭತ್ಯೆಯ ಬಾಕಿಗೆ ಕೈಯಲ್ಲಿದ್ದದ್ದನ್ನು ಸೇರಿಸಿ ಅರವತ್ತು ಸಾವಿರ ಚಿಲ್ಲರೆ ಅಸಲಿಗೆ ಕಟ್ಟಿದೆ, ಮತ್ತೆ 73ಕ್ಕೆ ಬಂತು. ಕಟ್ಟದೆ ಬಿಟ್ಟಿದ್ದರೆ ಎಂಟು ಕಂತು ಎಂದರೆ ಒಂದು ಲಕ್ಷ ಹನ್ನೊಂದು ಸಾವಿರ ಹೆಚ್ಚಿಗೆ ಹೋಗುತ್ತಿತ್ತು.

ಮೊಬೈಲ್ ಆ್ಯಪ್ ಇದೆಯಲ್ಲ, ನೋಟ್‌ಬುಕ್ ಯಾಕೆ ಎಂದು ಕೇಳುತ್ತಾರೆ. ಆ್ಯಪ್ ಇವತ್ತಿನ ಸಂಖ್ಯೆ ತೋರಿಸುತ್ತದೆ. ಕಳೆದ ವರ್ಷ ಎಷ್ಟು ಕಂತು ಉಳಿದಿತ್ತು ಎಂಬುದು ಅದರಲ್ಲಿ ಸುಲಭವಾಗಿ ಸಿಗುವುದಿಲ್ಲ. ಕಂಪ್ಯೂಟರ್ ಬಲ್ಲವರು ಗೂಗಲ್ ಶೀಟ್‌ನಲ್ಲಿ ಎನ್‌ಪಿಇಆರ್ ಎಂಬ ಸೂತ್ರ ಬಳಸಿ. ತಿಂಗಳ ಬಡ್ಡಿ, ಕಂತು, ಬಾಕಿ ಕೊಟ್ಟರೆ ಉಳಿದ ಕಂತು ಎಷ್ಟೆಂದು ಹೇಳುತ್ತದೆ. ಕಂತಿನ ಮುಂದೆ ಕಳೆಯುವ ಚಿಹ್ನೆ ಹಾಕುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಉತ್ತರ ತಪ್ಪಾಗುತ್ತದೆ. ಸಾಲ ಕೊಡಿಸುವ ಆ್ಯಪ್‌ಗಳ ಲೆಕ್ಕಯಂತ್ರ ನನಗೆ ಹಿಡಿಸುವುದಿಲ್ಲ. ಫೋನ್ ನಂಬರ್ ಕೇಳುತ್ತವೆ, ಸಂಜೆಯಿಂದಲೇ ಕರೆಗಳು ಶುರುವಾಗುತ್ತವೆ.

ಈಗ ನಮಗೆ ಅನುಕೂಲವಾದ ನಿಯಮವೂ ಇದೆ. ರಿಸರ್ವ್ ಬ್ಯಾಂಕ್ 2023ರ ಆಗಸ್ಟ್ 18ರಂದು ಸುತ್ತೋಲೆ ಹೊರಡಿಸಿತು. ದರ ಬದಲಾದಾಗ ಕಂತು ಹೆಚ್ಚಿಸಬೇಕೋ, ಅವಧಿ ಹೆಚ್ಚಿಸಬೇಕೋ, ಎರಡೂ ಬೇಕೋ ಎಂದು ಸಾಲಗಾರನನ್ನು ಕೇಳಬೇಕು. ಪ್ರತಿ ಮೂರು ತಿಂಗಳಿಗೆ ಕಟ್ಟಿದ ಅಸಲು, ಕಟ್ಟಿದ ಬಡ್ಡಿ, ಉಳಿದ ಕಂತುಗಳ ಸಂಖ್ಯೆ ಇರುವ ವಿವರಪಟ್ಟಿ ಕೊಡಬೇಕು. ನಿಮಗೆ ಬಂದಿಲ್ಲ ಎಂದರೆ ಬಹುಶಃ ಹಳೆಯ ಇಮೇಲ್ ವಿಳಾಸಕ್ಕೆ ಹೋಗುತ್ತಿರಬಹುದು. ಮೊದಲು ಅದನ್ನು ಸರಿಪಡಿಸಿಕೊಳ್ಳಿ.

ಅಸಲಿಗೆ ಹೆಚ್ಚುವರಿ ಹಣ ಕಟ್ಟುವವರು ಇಲ್ಲಿ ಗಮನ ಕೊಡಿ. ಮೊದಲ ಸಲ ಕಟ್ಟಿದಾಗ ನಾನು ಬರೀ ಖಾತೆಗೆ ವರ್ಗಾಯಿಸಿ ಬಂದೆ. ಅವರು ಅದನ್ನು ಮುಂಗಡ ಕಂತು ಎಂದು ಇಟ್ಟುಕೊಂಡರು, ಮುಂದಿನ ಎರಡು ತಿಂಗಳು ಕಂತು ಕತ್ತರಿಸಲಿಲ್ಲ. ನನಗೆ ಬೇಕಿದ್ದದ್ದು ಅದಲ್ಲ. "ಈ ಮೊತ್ತವನ್ನು ಅಸಲಿಗೆ ಜಮಾ ಮಾಡಿ, ಕಂತು ಬದಲಿಸದೆ ಅವಧಿ ಇಳಿಸಿ" ಎಂದು ಬರೆದುಕೊಟ್ಟು, ಪ್ರತಿಯ ಮೇಲೆ ಮೊಹರು ಹಾಕಿಸಿಕೊಂಡು ಬನ್ನಿ. ಫ್ಲೋಟಿಂಗ್ ಗೃಹಸಾಲಕ್ಕೆ ವೈಯಕ್ತಿಕ ಸಾಲಗಾರರಿಂದ ಅವಧಿಪೂರ್ವ ಪಾವತಿ ದಂಡ ಕೇಳುವಂತಿಲ್ಲ. ಬ್ಯಾಂಕುಗಳಿಗೆ ಇದು 2012ರಿಂದಲೇ ಇರುವ ನಿಯಮ. ಕೇಳಿದರೆ ಯಾವ ನಿಯಮದಡಿ ಎಂದು ಬರವಣಿಗೆಯಲ್ಲಿ ಕೇಳಿ. ಆದರೆ ಆರು ತಿಂಗಳ ಮನೆ ಖರ್ಚು ಕೈಯಲ್ಲಿ ಇಟ್ಟುಕೊಳ್ಳದೆ ಒಂದು ರೂಪಾಯಿಯನ್ನೂ ಅಸಲಿಗೆ ಹಾಕಬೇಡಿ. ಗೋಡೆಗೆ ಹಾಕಿದ ಹಣ ಆಸ್ಪತ್ರೆಯ ಕೌಂಟರಿನಲ್ಲಿ ವಾಪಸ್ ಬರುವುದಿಲ್ಲ. ಚಿನ್ನದ ಸಾಲ, ಕ್ರೆಡಿಟ್ ಕಾರ್ಡ್ ಬಾಕಿ ಇದ್ದವರು ಮೊದಲು ಅದನ್ನು ತೀರಿಸಿ.

ಎಸ್‌ಬಿಐನ ಮ್ಯಾಕ್ಸ್‌ಗೇನ್ ಎಂಬ ಓವರ್‌ಡ್ರಾಫ್ಟ್ ಗೃಹಸಾಲದ ಬಗ್ಗೆ ಯಾರೋ ಕೇಳಿದ್ದರು. ಅಂಗಡಿ, ಮಂಡಿ ವ್ಯಾಪಾರದವರಿಗೆ ಓವರ್‌ಡ್ರಾಫ್ಟ್ ಮಾದರಿ ಬಹಳ ಚೆನ್ನ. ಹಣ ಬಂದಾಗ ಹಾಕಿ, ಬೇಕಾದಾಗ ತೆಗೆಯಬಹುದು, ಅಲ್ಲಿದ್ದಷ್ಟು ದಿನ ಅಷ್ಟಕ್ಕೆ ಬಡ್ಡಿ ಇಲ್ಲ. ತಿಂಗಳ ಸಂಬಳ ಇಪ್ಪತ್ತನೇ ತಾರೀಖಿಗೆ ಮುಗಿಯುವ ನಮ್ಮಂಥವರಿಗೆ ಬೇಡ. ದರವೂ ಸ್ವಲ್ಪ ಹೆಚ್ಚಿರುತ್ತದೆ, ತೆಗೆಯುವ ಚಪಲವೂ ಹೆಚ್ಚುತ್ತದೆ.

ಎಲ್‌ಐಸಿ ಹೌಸಿಂಗ್ ಮುಂತಾದ ಗೃಹ ಹಣಕಾಸು ಕಂಪನಿಗಳಲ್ಲಿ ಸಾಲ ಇರುವವರಿಗೆ ನಾನು ಹೇಳಿದ ರೆಪೊ ನಿಯಮ ಅನ್ವಯಿಸುವುದಿಲ್ಲ. ಅವರದು ತಮ್ಮದೇ ಪ್ರೈಮ್ ಲೆಂಡಿಂಗ್ ದರ. ಅಲ್ಲಿ ಕೇಳಬೇಕಾದ ಮಾತು "ಇವತ್ತು ಹೊಸಬರಿಗೆ ಎಷ್ಟಕ್ಕೆ ಕೊಡುತ್ತಿದ್ದೀರಿ, ನನಗೆ ಅಷ್ಟಕ್ಕೆ ಇಳಿಸಲು ಶುಲ್ಕ ಎಷ್ಟು" ಎಂಬುದು. ಬ್ಯಾಂಕಿನಲ್ಲೂ ಇದನ್ನೇ ಕೇಳಿ, ಏಕೆಂದರೆ ರೆಪೊ ಮೇಲೆ ಅವರು ಸೇರಿಸುವ ಹೆಚ್ಚುವರಿ ಶೇಕಡಾ ಹಳಬರಿಗೆ ಒಂದು, ಹೊಸಬರಿಗೆ ಒಂದು ಇರುತ್ತದೆ. ಬೇರೆ ಬ್ಯಾಂಕಿನ ಮಂಜೂರಾತಿ ಪತ್ರ ಕೈಯಲ್ಲಿದ್ದರೆ ನಿಮ್ಮ ಮಾತಿಗೆ ತೂಕ ಬರುತ್ತದೆ.

ಹಾಗೆಂದು "ಸಾಲವನ್ನೇ ಬೇರೆ ಬ್ಯಾಂಕಿಗೆ ವರ್ಗಾಯಿಸಿ" ಎಂಬ ಸಲಹೆಯನ್ನು ಕಣ್ಣು ಮುಚ್ಚಿ ಒಪ್ಪಬೇಡಿ. ಪ್ರೊಸೆಸಿಂಗ್ ಶುಲ್ಕ, ವಕೀಲರ ವರದಿ, ಮೌಲ್ಯಮಾಪನ, ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮತ್ತೆ ಅಡಮಾನ ಪತ್ರಕ್ಕೆ ಮುದ್ರಾಂಕ ಶುಲ್ಕ ಎಲ್ಲ ಕೂಡಿಸಿ ನೋಡಿ. ಹೊಸ ಬ್ಯಾಂಕು ಮತ್ತೆ ಇಪ್ಪತ್ತು ವರ್ಷ ಹಾಕಿ "ಕಂತು ಎಷ್ಟು ಕಡಿಮೆ ನೋಡಿ" ಎಂದು ತೋರಿಸುತ್ತದೆ, ಅದಕ್ಕೆ ಬೀಳಬೇಡಿ. ಖಾತಾ, ನಕ್ಷೆ ಮಂಜೂರಾತಿಯಲ್ಲಿ ಸಣ್ಣ ತೊಡಕಿದ್ದರೂ ಹೊಸಬರು ತಿಂಗಳುಗಟ್ಟಲೆ ಓಡಾಡಿಸುತ್ತಾರೆ. ಮೊದಲು ನಿಮ್ಮ ಬ್ಯಾಂಕಿನಲ್ಲೇ ಬದಲಾಯಿಸಿಕೊಳ್ಳಿ. ವರ್ಗಾವಣೆ ಕೊನೆಯ ದಾರಿ.

"ತೆರಿಗೆ ವಿನಾಯಿತಿಗಾಗಿ ಸಾಲ ಉಳಿಸಿಕೊಳ್ಳಿ" ಎಂದವರಿಗೆ: ಸ್ವಂತ ವಾಸದ ಮನೆಯ ಬಡ್ಡಿಗೆ ಎರಡು ಲಕ್ಷದವರೆಗಿನ ಕಡಿತ ಇರುವುದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಹೊಸ ಪದ್ಧತಿಗೆ ಹೋದವರಿಗೆ ಅದಿಲ್ಲ.

ಇನ್ನು ಕೆಲವರ ಸಾಲ ತೀರುವ ಹಂತದಲ್ಲಿದೆ, ಅವರಿಗಾಗಿ ಒಂದು ಮಾತು. ಪೂರ್ತಿ ತೀರಿದ 30 ದಿನಗಳೊಳಗೆ ಮೂಲ ಕ್ರಯಪತ್ರ ವಾಪಸ್ ಕೊಡಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಇದು 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಕ್ರಯಪತ್ರ ಕೈಗೆ ಬಂತು ಎಂದು ನೆಮ್ಮದಿಯಾಗಿ ಕೂರಬೇಡಿ. ನಮ್ಮ ಬೀದಿಯ ಒಬ್ಬರು ಸಾಲ ತೀರಿಸಿ ನಾಲ್ಕು ವರ್ಷದ ನಂತರ ಮನೆ ಮಾರಲು ಹೊರಟಾಗ ಇ.ಸಿ.ಯಲ್ಲಿ (ಆಸ್ತಿಯ ಋಣಭಾರ ಪ್ರಮಾಣಪತ್ರ) ಬ್ಯಾಂಕಿನ ಅಡಮಾನ ಹಾಗೆಯೇ ಇತ್ತು. ಕೊಳ್ಳುವವರು ಹಿಂದೆ ಸರಿದರು. ಅಡಮಾನ ಬಿಡುಗಡೆ ಪತ್ರವನ್ನು ನೋಂದಾಯಿಸಿ, ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಹೊಸ ಇ.ಸಿ. ತೆಗೆದು ನೋಡಿ, ನಾಲ್ಕಾರು ವಾರದ ನಂತರ ಸಿಬಿಲ್‌ನಲ್ಲೂ ಸಾಲ ಮುಗಿದಿದೆ ಎಂದು ಬಂದಿದೆಯೇ ಎಂದು ಪರೀಕ್ಷಿಸಿ. ವರ್ಷಕ್ಕೊಮ್ಮೆ ಆ ವರದಿ ಉಚಿತ.

ಸರ್, ಸೋಮವಾರ ಶಾಖೆಗೆ ಹೋದಾಗ ಕೇಳಬೇಕಾದದ್ದು ಇಷ್ಟು: ನನ್ನ ರೀಸೆಟ್ ದಿನಾಂಕ ಯಾವುದು, ರೆಪೊಗೆ ಬದಲಾಯಿಸಿದರೆ ಅಂತಿಮ ದರ ಎಷ್ಟು, ಶುಲ್ಕ ಎಷ್ಟು. ಬಾಯಿಮಾತಿನ ಉತ್ತರ ಬೇಡ, ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. 30 ದಿನ ಕಳೆದರೂ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ (ಗ್ರಾಹಕರ ದೂರು ಬಗೆಹರಿಸುವ ಅಧಿಕಾರಿ) ದೂರು ಕೊಡಬಹುದು, ಖರ್ಚಿಲ್ಲ. ವಿವರಕ್ಕೆ 14448ಕ್ಕೆ ಕರೆ ಮಾಡಿ. ಶಾಖೆಯಲ್ಲಿ ಹೇಳಿದ ದರವನ್ನು ಇಲ್ಲಿ ಬರೆಯಿರಿ, ಹೊಸ ಲೆಕ್ಕ ಮಾಡಿಕೊಡುತ್ತೇನೆ. ಇನ್ನೊಂದು, ನೀವು ಹಾಕಿರುವ ಫೋಟೊದಲ್ಲಿ ಸಾಲದ ಖಾತೆ ಸಂಖ್ಯೆಯೂ ನಿಮ್ಮ ಮೊಬೈಲ್ ಸಂಖ್ಯೆಯೂ ಪೂರ್ತಿ ಕಾಣುತ್ತಿವೆ. ಈ ಗುಂಪಿನಲ್ಲಿ ಸಾವಿರಾರು ಜನರಿದ್ದಾರೆ. ದಯವಿಟ್ಟು ಅದನ್ನು ಈಗಲೇ ತೆಗೆದು, ಸಂಖ್ಯೆ ಮರೆಮಾಡಿ ಮತ್ತೆ ಹಾಕಿ.